ಕೆಂಪು ಬಿದ್ದರೆ ನಂಬುವಂತಿರಬೇಕು

1. ಮೊದಲು ಫಾರ್ಮ್ಯಾಟರ್ ಹಾಕಿ. ಸ್ಪೇಸ್ ಎಷ್ಟು, ಕೋಟ್ ಒಂದೋ ಎರಡೋ ಎಂಬ ಚರ್ಚೆಗೆ ರಿವ್ಯೂ ಸಮಯ ಹಾಳಾಗಬಾರದು. ಗೋ ಭಾಷೆಯವರು ಗೋಫಮ್ಟ್ ಕೊಟ್ಟು ಈ ಜಗಳವನ್ನು ಶುರುವಿನಲ್ಲೇ ಮುಗಿಸಿದರು. ಪೈಥಾನ್‌ಗೆ ಬ್ಲ್ಯಾಕ್ ಇದೆ, ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್. ಇಡೀ ರೆಪೊವನ್ನು ಒಂದೇ ಕಮಿಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಅದರಲ್ಲಿ ಬೇರೇನೂ ಬೆರೆಸಬೇಡಿ. ಆ ಕಮಿಟ್‌ನ ಹ್ಯಾಶನ್ನು ಒಂದು ಫೈಲ್‌ನಲ್ಲಿ ಬರೆದು ಗಿಟ್‌ಗೆ ತಿಳಿಸಿದರೆ, ಬ್ಲೇಮ್ ಅದನ್ನು ದಾಟಿ ನಿಜವಾಗಿ ಕೋಡ್ ಬರೆದವರ ಹೆಸರು ಹೇಳುತ್ತದೆ. 2019ರ ಗಿಟ್ 2.23ರಿಂದಲೂ ಈ ಅನುಕೂಲವಿದೆ, ಬಳಸುವವರು ಕಡಿಮೆ.

2. ಹಳೆಯ ಪ್ರಾಜೆಕ್ಟ್‌ಗೆ ಲಿಂಟರ್ (ಕೋಡ್‌ನ ತಪ್ಪು ಹುಡುಕುವ ಟೂಲ್) ಹಚ್ಚಿದ ದಿನ ಸಾವಿರಗಟ್ಟಲೆ ದೂರು ಬರುತ್ತವೆ. ಎಲ್ಲವನ್ನೂ ಸರಿಪಡಿಸಿ ಆಮೇಲೆ ಕಡ್ಡಾಯ ಮಾಡೋಣ ಎಂದರೆ ಆ ದಿನ ಬರುವುದೇ ಇಲ್ಲ. ಇವತ್ತಿರುವುದನ್ನು ಬೇಸ್‌ಲೈನ್ ಎಂದು ಉಳಿಸಿಕೊಂಡು, ಹೊಸ ಸಾಲುಗಳಲ್ಲಿ ಬರುವ ದೂರುಗಳನ್ನು ಮಾತ್ರ ತಡೆಯಿರಿ.

3. ವಾರ್ನಿಂಗ್ ಬೇಡ. ನಿಯಮ ಮುಖ್ಯವಾಗಿದ್ದರೆ ಬಿಲ್ಡ್ ನಿಲ್ಲಲಿ, ಇಲ್ಲದಿದ್ದರೆ ನಿಯಮವನ್ನೇ ತೆಗೆಯಿರಿ. ಹಸಿರು ಬಿಲ್ಡ್‌ನ ಲಾಗ್ ಅನ್ನು ಯಾರೂ ತೆರೆಯುವುದಿಲ್ಲ.

4. ಟೂಲ್‌ನ ಡಿಫಾಲ್ಟ್ ನಿಯಮಗಳ ಪಟ್ಟಿಯನ್ನು ಕೂತು ಓದಿ. 2014ರ ಫೆಬ್ರವರಿಯಲ್ಲಿ ಆಪಲ್ ಸರಿಪಡಿಸಿದ ಟಿಎಲ್‌ಎಸ್ ದೋಷವನ್ನೇ ನೋಡಿ. 'ಗೋಟು ಫೇಲ್' ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಬಿದ್ದಿತ್ತು. ಎರಡನೆಯದು ನೋಡಲು ಇಫ್‌ನ ಒಳಗಿದ್ದಂತೆ ಕಂಡರೂ ಹೊರಗಿತ್ತು, ಯಾವಾಗಲೂ ಓಡುತ್ತಿತ್ತು. ಮುಂದಿನ ಸಹಿ ಪರಿಶೀಲನೆ ನಡೆಯದೆಯೇ 'ಎಲ್ಲ ಸರಿಯಿದೆ' ಎಂಬ ಉತ್ತರ ಹೋಗುತ್ತಿತ್ತು. ತಲುಪಲಾಗದ ಕೋಡನ್ನು ಹಿಡಿಯುವ ಆಯ್ಕೆ ಕ್ಲ್ಯಾಂಗ್ ಕಂಪೈಲರ್‌ನಲ್ಲಿತ್ತು, ಆದರೆ 'ವಾಲ್' ಎಂಬ ಫ್ಲ್ಯಾಗ್‌ನಲ್ಲಿ ಸೇರಿರಲಿಲ್ಲ. ಬೇರೆಯಾಗಿ ಆನ್ ಮಾಡಬೇಕಿತ್ತು. ಫಾರ್ಮ್ಯಾಟರ್ ಇದ್ದಿದ್ದರೂ ಆ ಸಾಲು ಎಡಕ್ಕೆ ಸರಿದು ಕಣ್ಣಿಗೆ ಹೊಡೆಯುತ್ತಿತ್ತು. ಇಂಥ ಕೆಲಸವನ್ನು ಮನುಷ್ಯರ ಕಣ್ಣಿಗೆ ಬಿಡುವುದು ಅನ್ಯಾಯ.

5. ಟೂಲ್‌ಗಳ ಆವೃತ್ತಿಯನ್ನು ಲಾಕ್ ಮಾಡಿ. ಇಲ್ಲವಾದರೆ ಲಿಂಟರ್‌ನ ಹೊಸ ಬಿಡುಗಡೆ ಬಂದ ಬೆಳಿಗ್ಗೆ, ದೂರು ಬಂದ ಕೋಡಿನ ಒಂದಕ್ಷರ ಮುಟ್ಟದವರ ಪುಲ್ ರಿಕ್ವೆಸ್ಟ್ ಕೂಡ ಕೆಂಪಾಗುತ್ತದೆ.

6. ನನ್ನನ್ನು ಹೆಚ್ಚು ಕಾಡುವುದು ಫ್ಲೇಕಿ ಟೆಸ್ಟ್. ಕೋಡ್ ಬದಲಾಗದೆ ಒಮ್ಮೆ ಪಾಸ್, ಒಮ್ಮೆ ಫೇಲ್. 'ಅದು ಹಾಗೇ, ರೀರನ್ ಕೊಡಿ' ಎಂದು ಸೀನಿಯರ್‌ಗಳು ಹೇಳಿದ್ದನ್ನು ಕೇಳಿದ ಹೊಸಬರು, ನಿಜವಾದ ಬಗ್‌ನಿಂದ ಬಂದ ಕೆಂಪಿಗೂ ರೀರನ್ ಒತ್ತಲು ಕಲಿಯುತ್ತಾರೆ. ಅಂಥ ಟೆಸ್ಟನ್ನು ಅಂದೇ ಮರ್ಜ್ ತಡೆಯುವ ಗೇಟ್‌ನಿಂದ ಹೊರಗಿಡಿ, ಒಬ್ಬರ ಹೆಸರಿಗೆ ಟಿಕೆಟ್ ಹಾಕಿ.

7. ವಿನಾಯಿತಿ ಇರಲಿ, ಆದರೆ ಯಾವ ನಿಯಮಕ್ಕೆ, ಯಾಕೆ ಎಂದು ಅದೇ ಸಾಲಿನ ಪಕ್ಕದಲ್ಲಿ ಬರೆಯುವುದು ಕಡ್ಡಾಯವಾಗಲಿ. ಕಾರಣವಿಲ್ಲದ ವಿನಾಯಿತಿಯನ್ನೂ ಪೈಪ್‌ಲೈನೇ ತಡೆಯಲಿ.