ಮೊದಲು ತೋರಿಸಿಕೊಳ್ಳಿ, ಆಮೇಲೆ ಸನ್ನತಿಗೆ ನಡೆಯಿರಿ

ಪ್ರಶ್ನೆ: ಅಕ್ಕಾ, ನನಗೆ 42 ವರ್ಷ. ವಾಡಿ ಹತ್ತಿರದ ಒಂದು ಹಳ್ಳಿ ನಮ್ಮದು. ಗಂಡ ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ, ಮೂರು ಎಕರೆ ತೊಗರಿ ಹೊಲ ಇದೆ. ಹೋದ ವರ್ಷ ಶ್ರಾವಣದಲ್ಲಿ ನಮ್ಮ ವೈನಿ ತೀರಿಕೊಂಡರು. ಎದೆಯಲ್ಲಿ ಗಂಟಾಗಿತ್ತು. ನೋವಿಲ್ಲವಲ್ಲ ಎಂದು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ, ಬೇವಿನೆಲೆ ಅರೆದು ಕಟ್ಟಿಕೊಳ್ಳುತ್ತಿದ್ದರು. ಗೊತ್ತಾದ ಮೇಲೂ ‘ಗಂಟಿಗೆ ಸೂಜಿ ತಾಗಿಸಬ್ಯಾಡ್ರಿ, ಮೈತುಂಬ ಹರಡತದ’ ಎಂದು ಹಿರಿಯರು ತಡೆದರು. ಕೊನೆಗೆ ಅವರ ತಾಟು, ಚರಿಗೆ ಬೇರೆ ಇಟ್ಟಿದ್ದೆವು. ಅದು ನೆನಪಾದರೆ ಈಗಲೂ ತುತ್ತು ಇಳಿಯುವುದಿಲ್ಲ. ಅವರ 17 ವರ್ಷದ ಮಗಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ.

ವೈನಿ ಹೆಸರಿನಲ್ಲಿ ಏನಾದರೂ ಮಾಡಬೇಕು ಅನಿಸಿದೆ. ನಮ್ಮ ಸ್ವಸಹಾಯ ಸಂಘದ ಹೆಂಗಸರು ಸೇರಿ ವಾಡಿಯಿಂದ ನಾಲವಾರದ ಮೇಲೆ ಸನ್ನತಿ ಚಂದ್ರಲಾಂಬೆಯ ತನಕ, ಸುಮಾರು 40 ಕಿಲೋಮೀಟರ್ ನಡೆದು, ಈ ಕಾಯಿಲೆಯ ಬಡ ಹೆಂಗಸರಿಗೆ ರೊಕ್ಕ ಕೂಡಿಸಬೇಕೆಂದಿದ್ದೇವೆ. ಅತ್ತೆ ‘ತುಳಜಾಪುರಕ್ಕ ನಡೀತೀನಿ ಅನ್ನು, ಬ್ಯಾಡ ಅನ್ನಂಗಿಲ್ಲ. ಇದೇನು ಹೊಸಾದು?’ ಅನ್ನುತ್ತಾರೆ. ಗಂಡ ‘ಎದಿ ರೋಗದ ಬೋರ್ಡ್ ಹಿಡಕೊಂಡು ನಾಕ ಮಂದಿ ಮುಂದ ತಿರುಗ್ತೀ ಏನು?’ ಎಂದು ಸಿಟ್ಟಾಗಿದ್ದಾರೆ. ನಾನು ತಪ್ಪು ಮಾಡುತ್ತಿದ್ದೇನೆಯೇ? ಇನ್ನೊಂದು, ನನಗೂ ಎಡಗಡೆ ಸಣ್ಣ ಗಂಟು ಇದ್ದ ಹಾಗಿದೆ. ಎರಡು ತಿಂಗಳಾಯಿತು. ನಡಿಗೆ ಮುಗಿಯಲಿ, ಆಮೇಲೆ ತೋರಿಸೋಣ ಎಂದಿದ್ದೇನೆ.
– ಹೆಸರು ಬೇಡ, ಚಿತ್ತಾಪುರ ತಾಲೂಕು

ಉತ್ತರ: ತಂಗಿ, ನಿಮ್ಮ ಪತ್ರವನ್ನು ನಾನು ಕೊನೆಯ ಸಾಲಿನಿಂದ ಓದುತ್ತೇನೆ. ಮಿಕ್ಕ ಎಲ್ಲಕ್ಕೂ ಉತ್ತರ ಇದೆ, ಎಲ್ಲಕ್ಕೂ ಸಮಯ ಇದೆ. ಆ ಸಾಲಿಗೆ ಮಾತ್ರ ಸಮಯ ಇಲ್ಲ. ನಡಿಗೆ ಮುಗಿಯುವ ತನಕ ಕಾಯಬೇಡಿ. ಈ ವಾರವೇ ತೋರಿಸಿಕೊಳ್ಳಿ.

ಹೆದರಿಸಲು ಈ ಮಾತು ಹೇಳುತ್ತಿಲ್ಲ. ಎದೆಯಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ನೀರು ತುಂಬಿದ ಗುಳ್ಳೆ ಇರಬಹುದು, ಮುಟ್ಟಿದರೆ ಜಾರುವ ನಿರುಪದ್ರವಿ ಗಡ್ಡೆ ಇರಬಹುದು. ಆದರೆ ಯಾವುದು ಎಂಬುದನ್ನು ನಿಮ್ಮ ಬೆರಳಾಗಲಿ ನನ್ನ ಪತ್ರವಾಗಲಿ ಹೇಳಲಾರದು. ವೈದ್ಯರು ಕೈಯಿಂದ ಪರೀಕ್ಷಿಸುತ್ತಾರೆ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಮ್ ಮಾಡಿಸುತ್ತಾರೆ, ಅನುಮಾನ ಬಂದರೆ ಸೂಜಿಯಿಂದ ಸಾಸಿವೆಯಷ್ಟು ಅಂಶ ತೆಗೆದು ನೋಡುತ್ತಾರೆ. ಸೂಜಿ ತಾಗಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ವೈನಿಯ ಗಂಟು ಬೆಳೆದದ್ದು ಸೂಜಿಯಿಂದಲ್ಲ, ಸೂಜಿ ತಡವಾದದ್ದರಿಂದ.

ಕಲಬುರಗಿಗೆ ಹೋಗಿ. ಅಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯೂ ಇದೆ. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜು ನಿಮಗಿಲ್ಲ. ಒಬ್ಬರೇ ಹೋಗಬೇಡಿ, ಗಂಡನನ್ನು ಕರೆದುಕೊಂಡು ಹೋಗಿ. ಅವರ ಸಿಟ್ಟಿನ ಹಿಂದೆ ಇರುವುದು ನಾಚಿಕೆ ಮಾತ್ರ ಎಂದು ನನಗೆ ಅನಿಸುವುದಿಲ್ಲ. ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡ ಗಂಡಸು ಆ ಹೆಸರನ್ನು ಕೇಳಿದರೂ ನಡುಗುತ್ತಾನೆ, ಆ ನಡುಕವನ್ನು ಬಯ್ದು ಮುಚ್ಚಿಕೊಳ್ಳುತ್ತಾನೆ. ನಿಮ್ಮ ಗಂಟಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ ಅನಿಸುತ್ತದೆ. ಇವತ್ತು ರಾತ್ರಿ ಊಟವಾದ ಮೇಲೆ ಹೇಳಿ. ಬೋರ್ಡಿನ ಜಗಳ ಅಲ್ಲಿಗೇ ಅರ್ಧ ಕರಗುತ್ತದೆ.

ವೈನಿಗೆ ಬಂತೆಂದು ನಿಮಗೂ ಬಂದೀತು ಎಂದು ಎಣಿಸಬೇಡಿ. ನಿಮ್ಮಿಬ್ಬರ ನಡುವೆ ರಕ್ತಸಂಬಂಧವಿಲ್ಲ, ಮತ್ತು ಇದು ಅಂಟುವ ರೋಗವಲ್ಲ. ತಾಟಿನಿಂದ, ಚರಿಗೆಯಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಬರುವುದಿಲ್ಲ. ಆದರೆ ವೈನಿಯ ಮಗಳ ವಿಷಯ ಬೇರೆ. ತಾಯಿಗೆ ಇದ್ದರೆ ಮಗಳಿಗೆ ಸಂಭವ ಹೆಚ್ಚು. ಅವಳು ದೊಡ್ಡವಳಾದ ಮೇಲೆ ಯಾವ ವೈದ್ಯರ ಬಳಿ ಹೋದರೂ ತಾಯಿಗೆ ಏನಾಗಿತ್ತು, ಯಾವ ವಯಸ್ಸಿನಲ್ಲಿ ಆಗಿತ್ತು ಎಂದು ಹೇಳಬೇಕು. ಅದಕ್ಕಾಗಿಯಾದರೂ ನಿಮ್ಮ ಮನೆಯಲ್ಲಿ ಈ ರೋಗದ ಹೆಸರು ಬಾಯಿಂದ ಬರಬೇಕು. ವೈನಿಯ ಆಸ್ಪತ್ರೆ ಕಾಗದಗಳಿದ್ದರೆ ಜೋಪಾನವಾಗಿ ಎತ್ತಿಡಿ.

ಇಂಗ್ಲೆಂಡಿನ ನೀನಾ ಬರೋ ಎಂಬ ಹೆಣ್ಣುಮಗಳ ಸಂಗತಿ ನಿಮಗೆ ಹೇಳಬೇಕು. ಸ್ತನ ಕ್ಯಾನ್ಸರ್‌ಗೆ ಹಣ ಕೂಡಿಸಲು 1996ರಲ್ಲಿ ಗೆಳತಿಯರೊಂದಿಗೆ ನ್ಯೂಯಾರ್ಕ್ ಮ್ಯಾರಥಾನಿನ 42 ಕಿಲೋಮೀಟರ್ ನಡೆಯುವ ಸಂಕಲ್ಪ ಮಾಡಿದವರು ಆಕೆ. ಆಗ ಆ ಕಾಯಿಲೆ ಬೇರೆಯವರದು ಎಂದೇ ಅವರ ಎಣಿಕೆ. ಆ ಯೋಚನೆ ಹೊಳೆದ ಮೇಲೆ ತಮಗೇ ಅದು ಇದೆಯೆಂದು ಗೊತ್ತಾಯಿತು. ಆದರೂ ಅವರು ನಡಿಗೆಯನ್ನು ಬಿಡಲಿಲ್ಲ. 1998ರಿಂದ ಲಂಡನ್‌ನಲ್ಲಿ ರಾತ್ರಿಯಿಡೀ ಸಾವಿರಾರು ಹೆಂಗಸರು ನಡೆಯುವ ‘ಮೂನ್‌ವಾಕ್’ ಅವರು ಕಟ್ಟಿದ್ದೇ. ನಿಮ್ಮ 40 ಕಿಲೋಮೀಟರಿಗೂ ಅವರ 42ಕ್ಕೂ ಅಂತರ ಹೆಚ್ಚಿಲ್ಲ.

ಈಗ ಅತ್ತೆಯ ಮಾತಿಗೆ ಬರೋಣ. ‘ಇದೇನು ಹೊಸಾದು’ ಎಂದರಲ್ಲ, ನಡೆಯುವುದು ನಮ್ಮ ಕಡೆ ಯಾವತ್ತೂ ಹೊಸದಾಗಿರಲಿಲ್ಲ. ಸೀಗೆ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ, ಯುಗಾದಿಗೆ ಶ್ರೀಶೈಲದ ಮಲ್ಲಯ್ಯನಿಗೆ, ಆಷಾಢಕ್ಕೆ ಪಂಢರಪುರದ ವಿಠ್ಠಲನಿಗೆ ನಡೆದವರ ಮನೆತನಗಳು ನಮ್ಮವು. ಕಾಲಿಗೆ ಬೊಬ್ಬೆ ಬಂದರೆ ಏನು ಹಚ್ಚಬೇಕು, ಎಲ್ಲಿ ವಸ್ತಿ ಮಾಡಬೇಕು, ಬುತ್ತಿ ಎಷ್ಟು ದಿನ ತಡೆಯುತ್ತದೆ ಎಂಬುದು ನಿಮ್ಮ ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸದಾಗಿರುವುದು ಮಾತು. ಹರಕೆಗೆ ನಡೆಯುವಾಗ ಹೆಣ್ಣುಮಗಳು ತನ್ನ ನೋವನ್ನು ದೇವಿಯ ಕಿವಿಯಲ್ಲಿ ಮಾತ್ರ ಹೇಳುತ್ತಾಳೆ. ನೀವು ಅದನ್ನು ದಾರಿಯಲ್ಲಿ ಹೇಳಹೊರಟಿದ್ದೀರಿ. ಅವರು ಅಂಜುವುದು ಅದಕ್ಕೆ.

ಈ ಮಾತು ಹೊರಬರದಿದ್ದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಬಳಿ ಮಾತಾಡಲು ಬಂದ ಒಬ್ಬ ತಾಯಿ ಮೊದಲು ಊರ ಹತ್ತಿರದ ದವಾಖಾನೆಗೆ ಹೋಗಿ ‘ಎದಿಯಾಗ ತ್ರಾಸ ಅದ’ ಎಂದಷ್ಟೇ ಹೇಳಿದ್ದರು. ಅಲ್ಲಿಯವರು ಹೃದಯದ ಇಸಿಜಿ ತೆಗೆದು, ಎಲ್ಲ ಸರಿಯಿದೆ ಎಂದು ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದರು. ತಾಯಿ ಸೆರಗು ಸರಿಸಲಿಲ್ಲ, ಅವರೂ ಎರಡನೇ ಮಾತು ಕೇಳಲಿಲ್ಲ. ಇಸಿಜಿಯ ಆ ಕಾಗದವನ್ನು ಆಕೆ ನಾಲ್ಕು ಮಡಿಕೆ ಮಾಡಿ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು, ತನಗೇನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿ ಎಂದು. ಎದಿ ಅಂದರೆ ಎಲ್ಲಿ, ಗಂಟು ಅಂದರೆ ಯಾವುದು ಎಂದು ಬಿಡಿಸಿ ಹೇಳುವುದನ್ನು ನಮ್ಮ ಹೆಂಗಸರಿಗೆ ಯಾರಾದರೂ ಕಲಿಸಬೇಕು. ನಿಮ್ಮ ನಡಿಗೆ ಅಷ್ಟನ್ನು ಮಾಡಿದರೂ ಬೇಕಾದಷ್ಟಾಯಿತು.

ನೀವು ನಡೆದು ಸೇರುವ ಸನ್ನತಿಯಲ್ಲೇ ಹೀಗೆ ಮುಚ್ಚಿಹೋದ ಮಾತಿಗೊಂದು ಗುರುತಿದೆ. 1986ರಲ್ಲಿ ಚಂದ್ರಲಾಂಬೆ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಬಂದಾಗ ಅದರ ಮೇಲೆ ಅಕ್ಷರಗಳಿದ್ದವು. ಅದು ಅಶೋಕನ ಶಾಸನ. ಎಲ್ಲ ಜನರೂ ತನ್ನ ಮಕ್ಕಳು, ಅವರ ಹಿತವೇ ತನಗೆ ಬೇಕು ಎಂದು ದೊರೆ ಸಾರಿದ ಶಾಸನಗಳು ಆ ಕಲ್ಲಿನಲ್ಲಿವೆ. ನಡುವೆ ತೂತು ಕೊರೆದು, ಮೂರ್ತಿ ಕೂರಿಸಿ, ಕಾಲಾಂತರದಲ್ಲಿ ಅಂಥ ಮಾತನ್ನು ಮುಚ್ಚಿಬಿಟ್ಟಿದ್ದರು. ದಿನವೂ ಪೂಜೆ ನಡೆಯುತ್ತಿತ್ತು, ಅಡಿಯಲ್ಲಿ ಹಿತದ ಮಾತು ಯಾರೂ ಓದದೆ ಕೂತಿತ್ತು. ನಿಮ್ಮ ಮನೆಯಲ್ಲೂ ಚಾವಣಿ ಕುಸಿದ ಮೇಲೆಯೇ ಮಾತು ಹೊರಬಂದಿದೆ. ಬೇರೆ ಮನೆಗಳಲ್ಲಿ ಕುಸಿಯುವ ಮೊದಲೇ ಹೊರಬರಲಿ ಎಂದು ತಾನೇ ನೀವು ನಡೆಯುವುದು? ಅತ್ತೆಗೆ ಹೀಗೆಯೇ ಹೇಳಿ ನೋಡಿ. ಬ್ಯಾನರಿನ ಮೇಲೆ ಏನು ಬರೆಯಬೇಕೆಂಬುದನ್ನೂ ಅವರಿಂದಲೇ ಕೇಳಿ. ‘ಎದಿ ಗಂಟು, ಮುಚ್ಚಿಡಬ್ಯಾಡವ್ವ’ ಎಂದು ನಮ್ಮ ಮಾತಿನಲ್ಲೇ ಇದ್ದರೆ ಓದಿದವರಿಗೂ ಓದದವರಿಗೂ ಮುಟ್ಟುತ್ತದೆ.

ಇನ್ನು ನಡಿಗೆಯ ತಯಾರಿ. 40 ಕಿಲೋಮೀಟರನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ನಾಲವಾರದಲ್ಲಿ ವಸ್ತಿ ಮಾಡಿ, ಅಲ್ಲಿಂದ ಸನ್ನತಿಗೆ ಇನ್ನು ಸುಮಾರು 20 ಕಿಲೋಮೀಟರ್ ಉಳಿಯುತ್ತದೆ. ಹೊರಡುವ ಎಂಟು ವಾರ ಮೊದಲೇ ದಿನಕ್ಕೆ 3 ಕಿಲೋಮೀಟರಿನಿಂದ ಶುರುಮಾಡಿ, ವಾರವಾರವೂ ಸ್ವಲ್ಪ ಏರಿಸಿ. ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವೈದ್ಯರನ್ನು ಕೇಳಿಯೇ ಬರಲಿ, ಗುಳಿಗೆ ತಪ್ಪಿಸದಿರಲಿ. ನಮ್ಮ ಬಿಸಿಲು ನಿಮಗೆ ಗೊತ್ತಿದೆ. ಬೇಸಿಗೆ ಬೇಡವೇ ಬೇಡ. ಸೀಗೆ ಹುಣ್ಣಿಮೆ ಬಹುತೇಕ ಅಕ್ಟೋಬರ್‌ನಲ್ಲೇ ಬೀಳುತ್ತದೆ, ಸ್ತನ ಕ್ಯಾನ್ಸರ್ ಅರಿವಿಗೆಂದು ಜಗತ್ತು ಮೀಸಲಿಟ್ಟ ತಿಂಗಳೂ ಅದೇ. ತೊಗರಿ ರಾಶಿಗೆ ಆಗ ಇನ್ನೂ ದಿನ ಇರುತ್ತದೆ. ಬೆಳಗಿನ ಐದಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ, ಉಳಿದದ್ದನ್ನು ಸಂಜೆ ನಡೆಯಿರಿ. ಸಿಮೆಂಟಿನ ಲಾರಿಗಳು ಓಡುವ ರಸ್ತೆ ನಿಮ್ಮದು, ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಸಾಲಾಗಿ ನಡೆಯಿರಿ. ಪೊಲೀಸ್ ಠಾಣೆಗೆ ಮೊದಲೇ ಒಂದು ಅರ್ಜಿ ಕೊಡಿ. ಕಟಿರೊಟ್ಟಿ, ಶೇಂಗಾ ಹಿಂಡಿ ಬುತ್ತಿಗೆ ಸಾಕು, ನೀರು ಮಾತ್ರ ಧಾರಾಳವಾಗಿರಲಿ. ನೀರಿನ ಗಾಡಿಯ ಹೊಣೆಯನ್ನು ಗಂಡಸರಿಗೆ ಕೊಡಿ. ಈ ಕಾಯಿಲೆ ಅಪರೂಪಕ್ಕೆ ಗಂಡಸರಿಗೂ ಬರುತ್ತದೆ ಎಂಬುದನ್ನು ಅವರಿಗೂ ತಿಳಿಸಿ. ಆಪರೇಷನ್ ಆದ ಹೆಂಗಸರು ಬರುತ್ತೇನೆಂದರೆ ವೈದ್ಯರ ಒಪ್ಪಿಗೆ ಪಡೆದು ಬರಲಿ, ನಡಿಗೆ ಅವರ ಮೈಗೂ ಮನಸ್ಸಿಗೂ ಒಳ್ಳೆಯದು. ಆದರೆ ಆಪರೇಷನ್ ಆದ ಕಡೆಯ ಕೈಗೆ ಗಂಟುಮೂಟೆ ಹೊರಿಸಬೇಡಿ, ಕೈ ಬಾತುಕೊಂಡೀತು.

ಎಲ್ಲಕ್ಕಿಂತ ಮುಖ್ಯವಾದದ್ದು ನಡಿಗೆ ಎಲ್ಲಿ ಮುಗಿಯಬೇಕು ಎಂಬುದು. ಚಂದ್ರಲಾಂಬೆಗೆ ಉಡಿ ತುಂಬಿ, ಭೀಮೆಯಲ್ಲಿ ಕಾಲು ತೊಳೆದು ಮನೆಗೆ ಬಂದರೆ ನಡಿಗೆ ಅರ್ಧ ಆದಂತೆ. ಕೊನೆಯ ಹೆಜ್ಜೆ ಒಂದು ಪರದೆಯ ಹಿಂದೆ, ತಪಾಸಣೆಯ ಮಂಚದ ಹತ್ತಿರ ಬೀಳಬೇಕು. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಬೇಕೆಂಬುದು ಸರ್ಕಾರದ್ದೇ ಕಾರ್ಯಕ್ರಮ, 2016ರಿಂದ ಇದೆ. ತಾಲೂಕು ಆರೋಗ್ಯ ಅಧಿಕಾರಿಗಳಿಗೆ ಒಂದು ತಿಂಗಳು ಮುಂಚೆ ಅರ್ಜಿ ಬರೆದು, ನೀವು ಮುಟ್ಟುವ ದಿನ ಸನ್ನತಿಯಲ್ಲಿ ಮಹಿಳಾ ಸಿಬ್ಬಂದಿಯಿಂದಲೇ ತಪಾಸಣೆ ಇಡಿಸಲು ಕೇಳಿ. ಆಶಾ ಕಾರ್ಯಕರ್ತೆಯರನ್ನು ಜೊತೆಗೆ ನಡೆಸಿ.

ಬರೀ ಕೈಯಿಂದ ಮುಟ್ಟಿ ನೋಡಿದರೆ ಏನು ಬಂತು ಎಂದು ಕೇಳುವವರಿರುತ್ತಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ 20 ವರ್ಷ ಒಂದೂವರೆ ಲಕ್ಷ ಹೆಂಗಸರನ್ನು ಗಮನಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದರು. ರೋಗ ಬೇಗನೆ ಸಿಕ್ಕಿತು, 50 ದಾಟಿದವರಲ್ಲಿ ಸಾವು ಶೇ 30ರ ಹತ್ತಿರ ತಗ್ಗಿತು. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ದೊಡ್ಡ ಯಂತ್ರವಿಲ್ಲದೆ ಕಲಿತ ಕೈಗಳು ಮಾಡಿದ ಕೆಲಸ ಅದು.

ರೊಕ್ಕದ ಮಾತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯ ಪ್ರಮಾಣಪತ್ರ ಇದ್ದರೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ಇದೆ. ವಾಡಿ ಜಂಕ್ಷನ್ ಪಕ್ಕದಲ್ಲೇ ಇದ್ದರೂ ಎಷ್ಟು ಜನಕ್ಕೆ ಇದು ಗೊತ್ತು? ಯೋಜನೆಗಳು ಮುಟ್ಟದ ಖರ್ಚು ಬೇರೆ ಇದೆ: ಆರು ತಿಂಗಳು ತಪ್ಪಿದ ಕೂಲಿ, ಆಸ್ಪತ್ರೆ ಊರಿನಲ್ಲಿ ಕೋಣೆ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಊಟ. ಅರ್ಧಕ್ಕೆ ಚಿಕಿತ್ಸೆ ಬಿಟ್ಟು ವಾಪಸ್ಸು ಬರುವವರು ಸೋಲುವುದು ಇಲ್ಲಿ. ನೀವು ಕೂಡಿಸಿದ್ದು ಇಲ್ಲಿಗೆ ಹೋಗಲಿ. ಸಂಘದ ಖಾತೆಯಲ್ಲೇ ಇಡಿ, ಇಬ್ಬರ ಸಹಿ ಇರಲಿ, ಪ್ರತಿ ಹತ್ತು ರೂಪಾಯಿಗೂ ರಸೀದಿ ಕೊಡಿ, ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ.

ಕೊನೆಗೆ ತಾಟಿನ ವಿಷಯ. ನೀವು ದ್ವೇಷದಿಂದ ಬೇರೆ ಇಡಲಿಲ್ಲ, ತಿಳಿಯದೆ ಇಟ್ಟಿರಿ. ವೈನಿಗೆ ಅದು ನೋವು ಕೊಟ್ಟಿರಬಹುದು, ಸುಳ್ಳು ಸಮಾಧಾನ ನಾನು ಹೇಳಲಾರೆ. ಆದರೆ ಆ ತಾಟು ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ, ಬೆಳಗಿ, ಅವರ ಮಗಳಿಗೆ ಅದರಲ್ಲೇ ಊಟ ಬಡಿಸಿ, ನೀವೂ ಅವಳ ಜೊತೆ ಅದರಿಂದಲೇ ಒಂದು ತುತ್ತು ತಿನ್ನಿ. ಅವಳಿಗೆ ನಿಜ ಹೇಳಿ. ನಡಿಗೆಯ ದಿನ ಅವಳು ನಿಮ್ಮ ಪಕ್ಕದಲ್ಲಿರಲಿ.

ನೀವು ತಪ್ಪು ಮಾಡುತ್ತಿಲ್ಲ, ತಂಗಿ. ಹೆಜ್ಜೆಯ ಸರದಿ ಮಾತ್ರ ಬದಲಾಗಬೇಕು. ನಾಳೆಯ ಬಸ್ಸು ಕಲಬುರಗಿಗೆ, ಸೀಗೆ ಹುಣ್ಣಿಮೆಯ ದಾರಿ ಸನ್ನತಿಗೆ. ಗಂಟು ಏನೂ ಅಲ್ಲ ಎಂದಾದರೆ ಹಗುರಾಗಿ ನಡೆಯಿರಿ. ಏನೋ ಇದೆ ಎಂದಾದರೆ ಚಿಕಿತ್ಸೆ ಮೊದಲು, ನಡಿಗೆ ಬರುವ ವರ್ಷ, ಅಲ್ಲಿಯ ತನಕ ನಿಮ್ಮ ಸಂಘದ ಹೆಂಗಸರು ನಿಮಗಾಗಿ ನಡೆಯುತ್ತಾರೆ. ವರದಿ ಬಂದ ದಿನ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.