ಗೆದ್ದ ಕಪ್ಪನ್ನು ಉಳಿಸಿಕೊಳ್ಳುವ ಬಗೆ

ಕಪ್ಪನ್ನು ಒಮ್ಮೆ ಗೆಲ್ಲುವುದು ಸಾಹಸ. ವರ್ಷವರ್ಷವೂ ಉಳಿಸಿಕೊಳ್ಳುವುದು ತಪಸ್ಸು. ನೆರೆಯ ಕೇರಳದ ಕಾಲ್ಚೆಂಡಾಟದ ಚರಿತ್ರೆಯೇ ಇದಕ್ಕೆ ನಿದರ್ಶನ.

1973ರಲ್ಲಿ ಕೊಚ್ಚಿಯಲ್ಲಿ ನಡೆದ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ನಾಯಕ ಮಣಿಯವರು ಮೂರು ಗೋಲುಗಳನ್ನು ಹೊಡೆದರು. ರೈಲ್ವೆ ತಂಡವನ್ನು 3-2ರಿಂದ ಸೋಲಿಸಿ ಕೇರಳವು ಮೊದಲ ಬಾರಿಗೆ ಕಪ್ಪನ್ನು ಪಡೆಯಿತು. ಎರಡನೆಯ ಗೆಲುವು ಕೈಗೂಡಿದುದು 1992ರಲ್ಲಿ! 1993ರಲ್ಲಿ ಕೊಚ್ಚಿಯಲ್ಲಿಯೇ ಮತ್ತೆ ಗೆದ್ದಿತಾದರೂ, 1994ರ ಅಂತಿಮ ಪಂದ್ಯದಲ್ಲಿ ಬಂಗಾಳಕ್ಕೆ ಸೋತಿತು.

ಇದಕ್ಕೆ ಕಾರಣಗಳೇನು? ಮೊದಲನೆಯದಾಗಿ, ಅಂತಿಮ ಪಂದ್ಯವು ಒಂದೇ ದಿನದ ಆಟ. ಒಂದು ಗೋಲು ತಪ್ಪಿದರೆ ವರ್ಷದ ಶ್ರಮವೆಲ್ಲ ವ್ಯರ್ಥ. ಎರಡನೆಯದಾಗಿ, ಗೆದ್ದವರ ಆಟದ ಮರ್ಮವನ್ನು ಎದುರಾಳಿಗಳು ಅರಿತುಕೊಳ್ಳುತ್ತಾರೆ. ಮೂರನೆಯದಾಗಿ, ಕೀರ್ತಿಯೇ ತಂಡವನ್ನು ಒಡೆಯುತ್ತದೆ. ತಿರುವನಂತಪುರದ ಕೇರಳ ಪೋಲೀಸ್ ತಂಡವು 1990 ಮತ್ತು 1991ರಲ್ಲಿ ಫೆಡರೇಷನ್ ಕಪ್ಪನ್ನು ಗೆದ್ದಿತು. ಆ ತಂಡದ ಐ. ಎಂ. ವಿಜಯನ್ನರು 1991ರಲ್ಲಿಯೇ ಕಲ್ಕತ್ತೆಯ ಮೋಹನ್ ಬಾಗಾನ್ ಸಂಘವನ್ನು ಸೇರಿದರು.

ನಮ್ಮ ನಾಡೂ ಇದಕ್ಕೆ ಹೊರತಲ್ಲ. 1967-68 ಮತ್ತು 1968-69ರಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದಿತು. ಮುಂದಿನ ಗೆಲುವು, ಕರ್ನಾಟಕವೆಂಬ ಹೆಸರಿನಲ್ಲಿ, ಲಭಿಸಿದುದು 2023ರಲ್ಲಿ.

ಆದುದರಿಂದ ಸೋತ ತಂಡವನ್ನು ಜರೆಯುವುದು ಉಚಿತವಲ್ಲ. ಹಿರಿಯ ಆಟಗಾರರು ಮೈದಾನದಲ್ಲಿರುವಾಗಲೇ ಕಿರಿಯರನ್ನು ಅಣಿಗೊಳಿಸುವುದೊಂದೇ ಉಪಾಯ. ಶಾಲೆಯ ತಂಡಕ್ಕಂತೂ ಈ ಮಾತು ಹೆಚ್ಚಾಗಿ ಸಲ್ಲುತ್ತದೆ. ವರ್ಷ ಕಳೆದೊಡನೆ ಮೇಲಿನ ತರಗತಿಯವರು ಹೊರಟುಹೋಗುತ್ತಾರೆ. ಕಪ್ಪು ಮಾತ್ರ ಕಪಾಟಿನಲ್ಲಿ ಉಳಿಯುತ್ತದೆ. ಅದನ್ನು ಮತ್ತೆ ಗೆಲ್ಲಬೇಕಾದವರು ಇಂದು ಗೆರೆಯಾಚೆ ನಿಂತು ಆಟ ನೋಡುತ್ತಿರುವ ಕಿರಿಯರೇ.