ಒಂದು ಸೆಕೆಂಡಿಗೆ ಎಷ್ಟು ಟಿಕ್ ಬೇಕು? ಪೀಣ್ಯದಲ್ಲಿ ನಾವು ಕಲಿತ ಪಾಠ

ನಮ್ಮ ಮಿನಿ ಪ್ರಾಜೆಕ್ಟ್ ಕೇಳೋಕೆ ತುಂಬಾ ಸುಲಭ. ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪ್‌ನಲ್ಲಿ ಪವರ್ ಪ್ರೆಸ್‌ನಿಂದ ಬೀಳುವ ವಾಷರ್‌ಗಳನ್ನು ಎಣಿಸಬೇಕು. ಒಂದು ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡ್, ಒಂದು ಡಿಸ್ಪ್ಲೇ, ಅಷ್ಟೇ. ಅಲ್ಲಿ ಪ್ರೆಸ್ ನಡೆಸುವ ಅಣ್ಣನಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಅವರು ಇಷ್ಟು ದಿನ ಗೋಡೆ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದು ಲೆಕ್ಕ ಇಡ್ತಿದ್ದರು.

ಕಾಲೇಜ್ ಲ್ಯಾಬಲ್ಲಿ ಆರ್ಡುಯಿನೋದಲ್ಲಿ ಬರೆದ ಕೋಡ್ ಚೆನ್ನಾಗೇ ಓಡಿತ್ತು. ಆಮೇಲೆ ಅದನ್ನೇ ಇಎಸ್‌ಪಿ-ಐಡಿಎಫ್‌ಗೆ ಬದಲಾಯಿಸಿದೆವು. ತಕ್ಷಣ ವಾಚ್‌ಡಾಗ್ ಎರರ್ ಬರೋಕೆ ಶುರುವಾಯ್ತು. ಲೂಪ್‌ನಲ್ಲಿದ್ದ 5 ಮಿಲಿಸೆಕೆಂಡ್ ಡಿಲೇಯನ್ನು 10 ಮಾಡಿದೆವು, ಎರರ್ ನಿಂತಿತು. ಯಾಕೆ ನಿಂತಿತು ಅಂತ ಯೋಚನೆ ಮಾಡಲಿಲ್ಲ. ಹಾಗೇ ಪೀಣ್ಯಕ್ಕೆ ತಗೊಂಡು ಹೋದೆವು.

ಅಲ್ಲಿ 100 ವಾಷರ್ ಬಿದ್ದವು. ನಮ್ಮ ಡಿಸ್ಪ್ಲೇ 81 ತೋರಿಸಿತು. "ಮಿಕ್ಕ ಹತ್ತೊಂಬತ್ತು ಎಲ್ಲೋಯ್ತಪ್ಪಾ?" ಅಂತ ಅಣ್ಣ ಕೇಳಿದರು. ನಮ್ಮ ಹತ್ರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಓಎಸ್ ಪುಸ್ತಕದಲ್ಲಿ ನಾವು ಬೇಗ ಬೇಗ ತಿರುಗಿಸಿದ್ದ ಒಂದು ಪುಟದಲ್ಲಿ: ಟೈಮರ್ ಇಂಟರಪ್ಟ್.

ಟಿಕ್ ಅಂದ್ರೆ ಏನು?

ಕರ್ನಲ್‌ಗೆ ಸಮಯ ತಾನಾಗೇ ಗೊತ್ತಾಗಲ್ಲ. ಒಂದು ಹಾರ್ಡ್‌ವೇರ್ ಟೈಮರ್ ನಿಗದಿತ ಅಂತರದಲ್ಲಿ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತದೆ. ಆ ಒಂದು ತಟ್ಟುವಿಕೆಯೇ ಟಿಕ್. ಪ್ರತಿ ಟಿಕ್‌ಗೆ ಕರ್ನಲ್ ತನ್ನ ಎಣಿಕೆಗೆ ಒಂದು ಕೂಡಿಸಿ, ಮಲಗಿರುವ ಟಾಸ್ಕ್‌ಗಳಲ್ಲಿ ಯಾರಿಗೆ ಏಳುವ ಹೊತ್ತಾಯ್ತು ಅಂತ ನೋಡುತ್ತದೆ. ಸೆಕೆಂಡಿಗೆ 100 ಟಿಕ್ ಇದ್ದರೆ 10 ಮಿಲಿಸೆಕೆಂಡಿಗೊಂದು, 1000 ಇದ್ದರೆ 1 ಮಿಲಿಸೆಕೆಂಡಿಗೊಂದು. 10 ನಿಮಿಷಕ್ಕೊಂದು ಬಸ್ ಇರುವ ಸ್ಟಾಪಲ್ಲಿ ನಿಂತು "ನನಗೆ 5 ನಿಮಿಷಕ್ಕೆ ಬಸ್ ಬೇಕು" ಅಂದ್ರೆ ಬರುತ್ತಾ? ಡಿಲೇ ಕೂಡ ಹಾಗೇ, ಟಿಕ್‌ಗಿಂತ ಸಣ್ಣದು ಸಿಗಲ್ಲ.

ನಮ್ಮ ಎರಡು ತಪ್ಪು

ಎರಡು ಕಡೆಯೂ ಒಳಗಿದ್ದದ್ದು ಫ್ರೀಆರ್‌ಟಿಒಎಸ್ ಕರ್ನಲ್ಲೇ. ಆದರೆ ಇಎಸ್‌ಪಿ32ರ ಆರ್ಡುಯಿನೋದಲ್ಲಿ ಟಿಕ್ ರೇಟ್ 1000, ಇಎಸ್‌ಪಿ-ಐಡಿಎಫ್‌ನಲ್ಲಿ ನಾವು ಏನೂ ಬದಲಾಯಿಸದಿದ್ದರೆ 100. ಮಿಲಿಸೆಕೆಂಡನ್ನು ಟಿಕ್‌ಗೆ ಬದಲಾಯಿಸುವ ಲೆಕ್ಕ ಪೂರ್ಣಾಂಕದಲ್ಲಿ ನಡೆಯುತ್ತದೆ: 5 × 100 ÷ 1000 = 0.5, ಅಂದರೆ 0. ಸೊನ್ನೆ ಟಿಕ್ ಡಿಲೇ ಅಂದ್ರೆ ನಮ್ಮ ಟಾಸ್ಕ್ ಮಲಗಲೇ ಇಲ್ಲ. ಅದಕ್ಕಿಂತ ಕಡಿಮೆ ಪ್ರಯಾರಿಟಿಯ ಐಡಲ್ ಟಾಸ್ಕ್‌ಗೆ ಸರದಿ ಸಿಗದೆ ವಾಚ್‌ಡಾಗ್ ಕೂಗಿಕೊಂಡಿತು.

10 ಮಿಲಿಸೆಕೆಂಡ್ ಅಂದ್ರೆ ಸರಿಯಾಗಿ ಒಂದು ಟಿಕ್. ಹಾಗಾಗಿ ಕೂಗು ನಿಂತಿತು, ಆದರೆ ಎಣಿಕೆ ಕೆಟ್ಟಿತು. ಆಸಿಲೋಸ್ಕೋಪಲ್ಲಿ ನೋಡಿದಾಗ ಒಂದು ವಾಷರ್ ಸೆನ್ಸರ್ ದಾಟೋಕೆ ಸುಮಾರು 18 ಮಿಲಿಸೆಕೆಂಡ್. ಮೋಟಾರಿನ ನಾಯ್ಸ್‌ಗೆ ಮೋಸ ಹೋಗಬಾರದು ಅಂತ, ಸತತ ಎರಡು ಸಲ ಆನ್ ಕಂಡರೆ ಮಾತ್ರ ಒಂದು ಪೀಸ್ ಅಂತ ಬರೆದಿದ್ದೆವು. 10 ಮಿಲಿಸೆಕೆಂಡಿಗೊಮ್ಮೆ ನೋಡಿದರೆ 18ರೊಳಗೆ ಎರಡು ಸ್ಯಾಂಪಲ್ ಬೀಳುವುದು ನೂರರಲ್ಲಿ ಸುಮಾರು 80 ಸಲ. ಉಳಿದ 20 ಸಲ ಒಂದೇ ಒಂದು. ನಮ್ಮ 81 ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ? 5ಕ್ಕೊಮ್ಮೆ ನೋಡಿದರೆ ಕನಿಷ್ಠ ಮೂರು ಸ್ಯಾಂಪಲ್ ಗ್ಯಾರಂಟಿ. ಟಿಕ್ ರೇಟ್ 1000 ಮಾಡಿ, ಡಿಲೇ ಮತ್ತೆ 5ಕ್ಕೆ ತಂದೆವು. 100ಕ್ಕೆ 100 ಬಂತು.

ಹಾಗಾದ್ರೆ 10,000 ಯಾಕೆ ಬೇಡ?

ಇದು ನಮ್ಮ ಸರ್ ಕೇಳಿದ ಪ್ರಶ್ನೆ. ಪ್ರತಿ ಟಿಕ್‌ಗೂ ಬೆಲೆ ಇದೆ. ಒಂದು ಟಿಕ್ ಕೆಲಸಕ್ಕೆ 2 ಮೈಕ್ರೋಸೆಕೆಂಡ್ ಅಂತ ಇಟ್ಟುಕೊಳ್ಳಿ. 1000 ಟಿಕ್‌ಗೆ ಸಿಪಿಯು ಸಮಯದ 0.2% ಹೋಗುತ್ತದೆ, 10,000ಕ್ಕೆ 2%. ಬ್ಯಾಟರಿ ಸಾಧನದಲ್ಲಿ ಇನ್ನೂ ಕಷ್ಟ, ಕೆಲಸ ಇಲ್ಲದಿದ್ದರೂ ನಿದ್ದೆಯಿಂದ ಏಳಬೇಕು.

ಲಿನಕ್ಸ್ ಕೂಡ ಇದೇ ಜಗ್ಗಾಟ ನೋಡಿದೆ. ಇಂಟೆಲ್ ಪಿಸಿಗಳಲ್ಲಿ ಮೊದಲು 100 ಇತ್ತು. 2003ರಲ್ಲಿ ಬಂದ 2.6ರಲ್ಲಿ 1000 ಆಯ್ತು. 2005ರ 2.6.13ರಲ್ಲಿ ಕಾನ್ಫಿಗರ್ ಮಾಡುವಾಗ ನಾವೇ ಆರಿಸುವ ಹಾಗೆ ಮಾಡಿ, ಡೀಫಾಲ್ಟನ್ನು 250ಕ್ಕೆ ಇಳಿಸಿದರು. 300 ಅನ್ನುವ ಆಯ್ಕೆಯೂ ಇದೆ. ವಿಡಿಯೋದ 25 ಮತ್ತು 30 ಫ್ರೇಮ್ ಎರಡರಿಂದಲೂ 300 ಶೇಷವಿಲ್ಲದೆ ಭಾಗವಾಗುತ್ತದೆ. 2007ರ 2.6.21ರಿಂದ ಸಿಪಿಯು ಖಾಲಿ ಕೂತಾಗ ಟಿಕ್ಕನ್ನೇ ನಿಲ್ಲಿಸುವ ವ್ಯವಸ್ಥೆ ಬಂತು. ಪ್ಯಾಸೆಂಜರ್ ಇಲ್ಲದ ಬಸ್ ಓಡಿಸೋದು ಬಿಟ್ಟು, ಬೇಕಾದಾಗ ಆಟೋ ಕರೆದ ಹಾಗೆ.

ಇನ್ನೊಂದು ಹುಷಾರಿ: 32 ಬಿಟ್ ಟಿಕ್ ಎಣಿಕೆ 1000 ರೇಟ್‌ನಲ್ಲಿ 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಯಾಗುತ್ತದೆ. 100 ಇದ್ದರೆ 497 ದಿನ. ಎರಡು ತಿಂಗಳು ಆಫ್ ಆಗದೆ ಓಡುವ ಬೋರ್ಡಲ್ಲಿ "ಈಗಿನದು ಹಳೆಯದಕ್ಕಿಂತ ದೊಡ್ಡದಾ" ಅಂತ ನೇರವಾಗಿ ಹೋಲಿಸಬೇಡಿ. ಅನ್‌ಸೈನ್ಡ್‌ನಲ್ಲಿ ಕಳೆದು, ವ್ಯತ್ಯಾಸ ನೋಡಿ.

ಆರಿಸುವ ಮೊದಲು ಕೇಳಿಕೊಳ್ಳಿ

1. ನಮ್ಮ ಅತಿ ಸಣ್ಣ ಡಿಲೇ ಎಷ್ಟು? ಟಿಕ್ ಅದಕ್ಕಿಂತ ಸಾಕಷ್ಟು ಸಣ್ಣದಿರಲಿ.
2. ಕರೆಂಟ್ ಎಲ್ಲಿಂದ, ಬ್ಯಾಟರಿಯಾ ಗೋಡೆಯಾ?
3. ಈ ಕೆಲಸಕ್ಕೆ ಟಿಕ್ ನಿಜವಾಗ್ಲೂ ಬೇಕಾ?

ಮೂರನೆಯದೇ ಮುಖ್ಯ. ವಾಷರ್ ಬಿದ್ದಾಗ ಸೆನ್ಸರ್ ಪಿನ್ನೇ ಇಂಟರಪ್ಟ್ ಕೊಡಬಹುದು, ಹಾರ್ಡ್‌ವೇರ್ ಟೈಮರಲ್ಲಿ ಸಮಯ ಗುರುತು ಹಾಕಿಕೊಂಡು ನಾಯ್ಸ್ ಬೇರೆ ಮಾಡಬಹುದು. ಆಗ ಟಿಕ್ 100 ಇದ್ದರೂ ಪೀಸ್ ತಪ್ಪಲ್ಲ. ಮುಂದಿನ ವರ್ಷನ್‌ನಲ್ಲಿ ನಾವು ಹಾಗೇ ಮಾಡ್ತಿದ್ದೀವಿ.

ಅಲ್ಲಿಯವರೆಗೆ ಅಣ್ಣ ಚಾಕ್‌ಪೀಸ್ ಬಿಟ್ಟಿಲ್ಲ. ನಾವೂ ಬಿಡಿ ಅಂತ ಹೇಳಿಲ್ಲ. ದಿನಾ ಸಂಜೆ ಗೋಡೆಯ ಲೆಕ್ಕ, ಡಿಸ್ಪ್ಲೇ ಲೆಕ್ಕ ಎರಡನ್ನೂ ಫೋಟೋ ತೆಗೆದು ಕಳಿಸ್ತಾರೆ. ಅವೆರಡೂ ಒಂದೇ ಇದೆಯಾ ಅಂತ ನೋಡೋದೇ ಈಗ ನಮ್ಮ ಟೆಸ್ಟಿಂಗ್.